ಅಂಗಡಿಯ ಸ್ಕೋರು, ಹೊಲದ ಸ್ಕೋರು: ಗೀಕ್‌ಬೆಂಚ್ 6 ವಿಮರ್ಶೆ

ತುಮಕೂರಿನ ಎಂ.ಜಿ. ರಸ್ತೆಯ ಮೊಬೈಲ್ ಅಂಗಡಿಗಳಲ್ಲಿ ಈಗ ಮೆಗಾಪಿಕ್ಸೆಲ್ ಜೊತೆಗೆ ಇನ್ನೊಂದು ಸಂಖ್ಯೆಯೂ ಕಿವಿಗೆ ಬೀಳುತ್ತದೆ. "ಅಣ್ಣ, ಇದು ಏಳು ಲಕ್ಷ ಆಂಟುಟು ಹೊಡೆಯುತ್ತೆ, ಪಕ್ಕದ್ದು ಬರೀ ನಾಲ್ಕೂವರೆ." ಆಂಟುಟು ಎಂದರೆ ಮೊಬೈಲಿನ ವೇಗಕ್ಕೆ ಅಂಕ ಕೊಡುವ ಒಂದು ಆ್ಯಪ್. ಏಳು ಲಕ್ಷ ಏನು ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಲೀಟರ್ ಅಲ್ಲ, ಕಿಲೋಮೀಟರ್ ಅಲ್ಲ, ಬರೀ ಅಂಕಿ. ಹದಿನೈದು ಇಪ್ಪತ್ತು ಸಾವಿರ ಕೊಟ್ಟು ಮೊಬೈಲ್ ತಗೊಳ್ಳುವವರು ಆ ಅಂಕಿ ಎಲ್ಲಿಂದ ಬಂತು, ಯಾವ ಸ್ಥಿತಿಯಲ್ಲಿ ಅಳೆದದ್ದು ಎಂದು ತಿಳಿದಿರಲೇಬೇಕು.

ಇಲ್ಲಿ ಮುಖ್ಯವಾಗಿ ನೋಡುತ್ತಿರುವುದು ಅದೇ ಥರ ವೇಗ ಅಳೆಯುವ ಗೀಕ್‌ಬೆಂಚ್ 6 ಆ್ಯಪನ್ನು. ಅದರ ಕೊರತೆ ತುಂಬಲು ತ್ರೀಡಿಮಾರ್ಕ್ ಮತ್ತು ಸಿಪಿಯು ಥ್ರಾಟ್ಲಿಂಗ್ ಟೆಸ್ಟ್ ಎಂಬ ಇನ್ನೆರಡು ಆ್ಯಪ್‌ಗಳ ಮಾತೂ ಬರುತ್ತದೆ. ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ತಣ್ಣಗಿರುವ ಮೊಬೈಲಿನ ಪ್ರೊಸೆಸರ್ ಎಷ್ಟು ಚುರುಕು ಎಂದು ಅಳೆಯಲು ಉಚಿತವಾಗಿ ಸಿಗುವವುಗಳಲ್ಲಿ ಗೀಕ್‌ಬೆಂಚ್ 6ರಷ್ಟು ಅಚ್ಚುಕಟ್ಟಾದದ್ದು ಇನ್ನೊಂದಿಲ್ಲ. ಆದರೆ ನಮ್ಮ ಜಿಲ್ಲೆಯ ಬೇಸಿಗೆಯಲ್ಲಿ ದುಡಿಯಬೇಕಾದ ಮೊಬೈಲಿಗೆ ಆ ಒಂದು ಅಂಕಿ ಸಾಲದು. ತಣ್ಣಗಿದ್ದಾಗ ಒಮ್ಮೆ, ಕಾದ ಮೇಲೆ ಒಮ್ಮೆ ಅಳೆದು ಎರಡನ್ನೂ ಪಕ್ಕಪಕ್ಕ ಇಟ್ಟರೆ ಮಾತ್ರ ಮೊಬೈಲಿನ ನಿಜವಾದ ಕಸುವು ತಿಳಿಯುತ್ತದೆ.

ಗೀಕ್‌ಬೆಂಚ್ ಮಾಡುವುದು ಕೆನಡಾದ ಟೊರಾಂಟೊದಲ್ಲಿರುವ ಪ್ರೈಮೇಟ್ ಲ್ಯಾಬ್ಸ್. 6ನೇ ಆವೃತ್ತಿ ಬಂದದ್ದು 2023ರ ಫೆಬ್ರವರಿಯಲ್ಲಿ. ಇಂಟೆಲ್ ಕೋರ್ ಐ7-12700 ಎಂಬ ಡೆಸ್ಕ್‌ಟಾಪ್ ಪ್ರೊಸೆಸರಿಗೆ 2500 ಅಂಕ ಎಂದು ಗೊತ್ತುಮಾಡಿಕೊಂಡು, ಉಳಿದ ಎಲ್ಲವನ್ನೂ ಅದರ ಜೊತೆ ತೂಗುತ್ತಾರೆ. ಅಂಕ ಎರಡರಷ್ಟಾದರೆ ವೇಗವೂ ಎರಡರಷ್ಟು. ಈ ನೇರ ಲೆಕ್ಕವೇ ಇದರ ದೊಡ್ಡ ಗುಣ. ಹೀಲಿಯೊ ಜಿ85 ಎಂಬ ಪ್ರೊಸೆಸರ್ ಇರುವ ಅಗ್ಗದ ಮೊಬೈಲಿನಲ್ಲಿ ಸಿಂಗಲ್ ಕೋರ್ ಅಂಕ (ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಕೋರ್‌ಗಳಲ್ಲಿ ಒಂದೇ ದುಡಿದಾಗಿನದು) 400ರ ಆಸುಪಾಸು, ಹೀಲಿಯೊ ಜಿ99 ಇದ್ದರೆ 700 ದಾಟುತ್ತದೆ, ಸ್ನಾಪ್‌ಡ್ರ್ಯಾಗನ್ 8 ಎಲೀಟ್‌ನಲ್ಲಿ 3000ದ ಹತ್ತಿರ. ಹಾಗಾಗಿ ಒಂದು ಪಿಡಿಎಫ್ ಪುಟ ತೆರೆಯಲು, ಒಂದು ವೆಬ್ ಪುಟ ಹರಡಲು ಮೊದಲನೆಯದಕ್ಕೆ ಬೇಕಾಗುವ ಲೆಕ್ಕಾಚಾರದ ಸಮಯ ಕೊನೆಯದಕ್ಕಿಂತ ಏಳೆಂಟು ಪಟ್ಟು. ಬ್ರ್ಯಾಂಡ್ ಯಾವುದೇ ಇರಲಿ, ಆಂಡ್ರಾಯ್ಡ್ ಇರಲಿ ಐಫೋನ್ ಇರಲಿ, ಈ ಹೋಲಿಕೆ ನಿಲ್ಲುತ್ತದೆ. ಒಂದೇ ಎಚ್ಚರಿಕೆ: ಗೀಕ್‌ಬೆಂಚ್ 5ರ ಅಂಕವನ್ನು 6ರ ಅಂಕದ ಪಕ್ಕ ಇಡಬೇಡಿ. ಅದರಲ್ಲಿ ಅಳತೆಗೋಲು ಬೇರೆ, ಕೋರ್ ಐ3-8100ಕ್ಕೆ 1000 ಎಂದು.

ಒಳಗೆ ನಡೆಯುವುದು 16 ಕೆಲಸಗಳು. ಫೈಲ್ ಕುಗ್ಗಿಸುವುದು, ನಕ್ಷೆಯಲ್ಲಿ ದಾರಿ ಹುಡುಕುವುದು, ವೆಬ್ ಪುಟ ಮತ್ತು ಪಿಡಿಎಫ್ ಬಿಡಿಸುವುದು, ಕ್ಲ್ಯಾಂಗ್ ಎಂಬ ಸಾಧನದಿಂದ ಪ್ರೋಗ್ರಾಂ ಕಂಪೈಲ್ ಮಾಡುವುದು (ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವುದು), ವಿಡಿಯೊ ಕರೆಯಲ್ಲಿ ಹಿನ್ನೆಲೆ ಮಸುಕಾಗಿಸುವುದು, ಎಚ್‌ಡಿಆರ್ ಫೋಟೊ ಜೋಡಿಸುವುದು (ಬೆಳಕು ಬೇರೆಬೇರೆ ಇರುವ ಹಲವು ಫೋಟೊ ಸೇರಿಸಿ ಒಂದು ಮಾಡುವುದು) ಹೀಗೆ. ಮೊಬೈಲಿನಲ್ಲಿ ದಿನಾ ನಡೆಯುವ ಕೆಲಸಗಳೇ ಇವು. ಹಳೆಯ ಕಾಲದ ಡ್ರೈಸ್ಟೋನ್‌ನಂತಹ ಪರೀಕ್ಷೆಗಳಲ್ಲಿ ಒಂದು ಪುಟ್ಟ ಲೂಪ್, ಅಂದರೆ ಅದೇ ಲೆಕ್ಕ, ತಿರುಗುತ್ತಲೇ ಇರುತ್ತಿತ್ತು, ಅಷ್ಟೂ ಪ್ರೊಸೆಸರಿನೊಳಗಿನ ಪುಟ್ಟ ಮೆಮೊರಿಯಾದ ಕ್ಯಾಶ್‌ನಲ್ಲೇ ಕೂತುಬಿಡುತ್ತಿತ್ತು. ಇಲ್ಲಿ ಹಾಗಲ್ಲ, ರ‍್ಯಾಮ್ ಕಡೆಗೂ ಓಡಾಟ ಇರುತ್ತದೆ. ಅಂತಿಮ ಅಂಕದಲ್ಲಿ ಪೂರ್ಣಾಂಕ ಲೆಕ್ಕಗಳಿಗೆ ಶೇ 65, ದಶಮಾಂಶ ಲೆಕ್ಕಗಳಿಗೆ ಶೇ 35 ತೂಕ. ಫಲಿತಾಂಶದ ಪುಟವನ್ನು ಕೆಳಗೆ ಸರಿಸಿದರೆ 16 ಕೆಲಸಗಳ ಅಂಕವೂ ಬಿಡಿಬಿಡಿಯಾಗಿ ಸಿಗುತ್ತದೆ. ಬಹಳ ಜನ ಅಲ್ಲಿಗೆ ಹೋಗುವುದೇ ಇಲ್ಲ, ನಿಜವಾದ ಮಾಹಿತಿ ಇರುವುದು ಅಲ್ಲಿ. ಇಂಜಿನಿಯರಿಂಗ್ ಓದುತ್ತಾ ಮೊಬೈಲಿನಲ್ಲೇ ಕೋಡ್ ಬರೆದು ನೋಡುವವರು ಕ್ಲ್ಯಾಂಗ್ ಸಾಲು ನೋಡಬೇಕು, ಫೋಟೊ ತೆಗೆಯುವವರು ಎಚ್‌ಡಿಆರ್ ಮತ್ತು ಫೋಟೊ ಲೈಬ್ರರಿ ನೋಡಬೇಕು. ಆವೃತ್ತಿ 6.3ರಿಂದ ಈಚೆಗೆ ಎಸ್‌ಎಂಇ ಎಂಬ, ಆರ್ಮ್ ಬಗೆಯ ಪ್ರೊಸೆಸರುಗಳ ಹೊಸ ಸೂಚನೆಗಳಿಗೆ ಬೆಂಬಲ ಸೇರಿದೆ. ಆ ಸೌಲಭ್ಯ ಇರುವ ಚಿಪ್‌ಗಳಲ್ಲಿ ವಸ್ತು ಗುರುತಿಸುವ ಕೆಲಸದ ಅಂಕ ಒಮ್ಮೆಲೇ ಜಿಗಿದು ಒಟ್ಟು ಅಂಕವನ್ನೂ ಮೇಲೆಳೆಯುತ್ತದೆ. ಹಾಗೆಂದು ವಾಟ್ಸ್‌ಆ್ಯಪ್ ಬೇಗ ತೆರೆಯುವುದಿಲ್ಲ.

ಎಲ್ಲ ಕೋರ್‌ಗಳೂ ದುಡಿದಾಗಿನ ಮಲ್ಟಿ ಕೋರ್ ಅಂಕದ ವಿಷಯದಲ್ಲಿ 6ನೇ ಆವೃತ್ತಿ ದೊಡ್ಡ ಬದಲಾವಣೆ ಮಾಡಿತು. ತಿಪಟೂರಿನ ಕಡೆ ಕಾಯಿ ಸುಲಿಯುವ ಕೆಲಸ ನೆನಪಿಸಿಕೊಳ್ಳಿ. ಎಂಟು ಜನರಿಗೆ ಎಂಟು ರಾಶಿ ಬೇರೆಬೇರೆ ಹಾಕಿಕೊಟ್ಟರೆ ಯಾರೂ ಯಾರಿಗೂ ಕಾಯಬೇಕಿಲ್ಲ, ಕೆಲಸ ಹೆಚ್ಚುಕಡಿಮೆ ಎಂಟು ಪಟ್ಟು. ಗೀಕ್‌ಬೆಂಚ್ 5 ಅಳೆಯುತ್ತಿದ್ದದ್ದು ಹೀಗೆ. ಒಂದೇ ರಾಶಿಗೆ ಎಂಟು ಜನ ಕೂತರೆ ಒಬ್ಬರ ಕೈಗೆ ಇನ್ನೊಬ್ಬರು ಅಡ್ಡ, ಕೊನೆಗೆ ಉಳಿದ ಹತ್ತು ಕಾಯಿಗೆ ನಾಲ್ಕು ಜನ ಸುಮ್ಮನೆ ಕೂರಬೇಕು. 6ರಲ್ಲಿ ನಡೆಯುವುದು ಇದು, ಎಲ್ಲ ಕೋರ್‌ಗಳೂ ಸೇರಿ ಒಂದೇ ಕೆಲಸ ಮುಗಿಸಬೇಕು. ಮೊಬೈಲ್ ಆ್ಯಪ್‌ಗಳು ಓಡುವ ರೀತಿಗೆ ಎರಡನೆಯದೇ ಹತ್ತಿರ. ಡಬ್ಬಿಯ ಮೇಲಿನ ‘ಆಕ್ಟಾ ಕೋರ್’ ಎಂಬ ಮಾತಿನ ಬೆಲೆ ಇದರಿಂದ ಸರಿಯಾಗಿ ಗೊತ್ತಾಗುತ್ತದೆ. ಹೀಲಿಯೊ ಜಿ99ರಲ್ಲಿ ಎಂಟು ಕೋರ್ ಇದ್ದರೂ ದೊಡ್ಡವು 2 ಕಾರ್ಟೆಕ್ಸ್ ಎ76 ಮಾತ್ರ, ಉಳಿದ 6 ಚಿಕ್ಕ ಎ55. ಭಾರದ ಕೆಲಸ ಬಂದಾಗ ಹೊರುವುದು ಆ ಎರಡೇ. ಆದ್ದರಿಂದ 20 ಸಾವಿರದೊಳಗಿನ ಮೊಬೈಲಿಗೆ ಸಿಂಗಲ್ ಕೋರ್ ಅಂಕಕ್ಕೆ ಹೆಚ್ಚು ಮರ್ಯಾದೆ ಕೊಡಿ. ಬೆರಳಿಟ್ಟ ಕೂಡಲೇ ಸ್ಪಂದಿಸುವ ಗುಣ ಬರುವುದು ಅದರಿಂದ.

ಇನ್ನು ಶಾಖ. ಗೀಕ್‌ಬೆಂಚ್ ಒಂದೊಂದು ಕೆಲಸದ ನಡುವೆ ಚಿಕ್ಕ ಬಿಡುವು ಕೊಡುತ್ತದೆ, ಇಡೀ ಪರೀಕ್ಷೆ ಕೆಲವೇ ನಿಮಿಷದ್ದು. ಚಿಪ್ ಕಾದು ಸುಸ್ತಾಗುವ ಮೊದಲೇ ಮುಗಿಯಲಿ ಎಂಬುದೇ ಅದರ ಉದ್ದೇಶ. ಅದು ತಪ್ಪಲ್ಲ, ಚಿಪ್‌ನ ಸಾಮರ್ಥ್ಯ ಅಳೆಯಬೇಕಾದರೆ ಹಾಗೇ ಅಳೆಯಬೇಕು. ಆದರೆ ನಾವು ಕೊಳ್ಳುವುದು ಚಿಪ್ ಅಲ್ಲ, ಅದನ್ನು ಒಳಗಿಟ್ಟುಕೊಂಡ ಮೊಬೈಲು. ಬಹುತೇಕ ಮೊಬೈಲುಗಳಲ್ಲಿ ಫ್ಯಾನ್ ಇಲ್ಲ. ಹುಟ್ಟಿದ ಶಾಖವೆಲ್ಲ ಮೈ ಮೂಲಕವೇ ಗಾಳಿಗೆ ಹೋಗಬೇಕು.

ಒಂದು ಸ್ಥೂಲ ಲೆಕ್ಕ ಹಾಕೋಣ. ಮೊಬೈಲ್ 16 ಸೆಂಟಿಮೀಟರ್ ಉದ್ದ, 7.5 ಸೆಂಟಿಮೀಟರ್ ಅಗಲ ಎಂದುಕೊಳ್ಳಿ. ಎರಡೂ ಮುಖ ಸೇರಿ 0.024 ಚದರ ಮೀಟರ್. ನಿಂತ ಗಾಳಿಯಲ್ಲಿ ಚದರ ಮೀಟರಿಗೆ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 10 ವ್ಯಾಟ್ ಶಾಖ ಹೊರಹೋಗುತ್ತದೆ. ಅಂದರೆ ಈ ಮೊಬೈಲು ಡಿಗ್ರಿಗೆ 0.24 ವ್ಯಾಟ್ ಬಿಡಬಲ್ಲದು. ಮೈ ಶಾಖ 43 ಡಿಗ್ರಿ ದಾಟದಂತೆ ಕಂಪನಿ ಮಿತಿ ಹಾಕಿದೆ ಎನ್ನಿ, ಕೈಗೆ ಸುಡಬಾರದೆಂದು ಈ ಸುತ್ತಮುತ್ತಲೇ ಮಿತಿ ಇಡುತ್ತಾರೆ. ಎಸಿ ಹಾಕಿದ ಶೋರೂಮಿನ 25 ಡಿಗ್ರಿಯಲ್ಲಿ ವ್ಯತ್ಯಾಸ 18, ಹೊರಹೋಗುವ ಶಾಖ 4.3 ವ್ಯಾಟ್. ಏಪ್ರಿಲ್ ಮಧ್ಯಾಹ್ನದ 37 ಡಿಗ್ರಿಯಲ್ಲಿ ವ್ಯತ್ಯಾಸ ಬರೀ 6, ಹೊರಹೋಗುವುದು 1.4 ವ್ಯಾಟ್. ಅದರಲ್ಲೂ ಸ್ಕ್ರೀನ್ ಬ್ರೈಟ್‌ನೆಸ್ ಪೂರ್ತಿ ಏರಿಸಿದರೆ ಬಹುಪಾಲನ್ನು ಸ್ಕ್ರೀನೇ ತಿಂದುಬಿಡುತ್ತದೆ. ಪ್ರೊಸೆಸರಿಗೆ ಉಳಿಯುವುದು ಚಿಲ್ಲರೆ. ಅದೇ ಮೊಬೈಲು, ಅದೇ ಚಿಪ್ಪು, ಆದರೆ ಶೋರೂಮಿನಲ್ಲಿ ಕಂಡ ಅಂಕ ಹೊರಗೆ ಹತ್ತು ನಿಮಿಷವೂ ನಿಲ್ಲುವುದಿಲ್ಲ.

ನೇರ ಬಿಸಿಲು ಇನ್ನೂ ಕಷ್ಟ. ನಡುಮಧ್ಯಾಹ್ನದ ಬಿಸಿಲು ಚದರ ಮೀಟರಿಗೆ ಸುಮಾರು 1000 ವ್ಯಾಟ್. ಮೊಬೈಲಿನ ಒಂದು ಮುಖದ ಮೇಲೆ ಬೀಳುವುದು 12 ವ್ಯಾಟ್, ಕಪ್ಪು ಗಾಜು ಅದರಲ್ಲಿ ಹೆಚ್ಚಿನದನ್ನು ಹೀರಿಕೊಳ್ಳುತ್ತದೆ. ಪಾವಗಡದ ತಿರುಮಣಿಯಲ್ಲಿ 2050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಕಟ್ಟಿದ್ದು ಇದೇ ಬಿಸಿಲನ್ನು ನಂಬಿ. ಅಂಥ ಕಡೆ ಹೊಲದ ಬದುವಿನ ಮೇಲೆ ನಿಂತು ಬೆಳೆ ಸಮೀಕ್ಷೆ ಆ್ಯಪಿನಲ್ಲಿ ಸರ್ವೆ ನಂಬರ್ ತೆರೆದು, ಜಿಪಿಎಸ್ ಹಿಡಿಯುವವರೆಗೆ ಕಾದು, ಫೋಟೊ ತೆಗೆದು ಅಪ್‌ಲೋಡ್ ಮಾಡುವ ಹೊತ್ತಿಗೆ ಸ್ಕ್ರೀನ್ ತಾನಾಗಿ ಮಂಕಾಗುತ್ತದೆ, ಕ್ಯಾಮೆರಾ ತಡವರಿಸುತ್ತದೆ. ಮೊಬೈಲ್ ಕೆಟ್ಟಿತು ಎಂದುಕೊಳ್ಳುತ್ತಾರೆ. ಕೆಟ್ಟಿಲ್ಲ, ಶಾಖದ ಮಿತಿ ಮುಟ್ಟಿ ತನ್ನ ವೇಗ ತಾನೇ ಇಳಿಸಿಕೊಂಡಿದೆ. ಇದಕ್ಕೇ ಥ್ರಾಟ್ಲಿಂಗ್ ಎನ್ನುವುದು. ಚಿಪ್‌ನ ವಿದ್ಯುತ್ ಬಳಕೆ ವೋಲ್ಟೇಜಿನ ವರ್ಗಕ್ಕೂ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೂ) ಗಡಿಯಾರದ ವೇಗಕ್ಕೂ ಸರಿಯಾಗಿ ಏರಿಳಿಯುತ್ತದೆ. ವೇಗವನ್ನು ಶೇ 20 ಇಳಿಸಿ, ಜೊತೆಗೆ ವೋಲ್ಟೇಜು ಶೇ 10 ಇಳಿದರೆ ಬಳಕೆ ಶೇ 35ರಷ್ಟು ತಗ್ಗುತ್ತದೆ. ಆದ್ದರಿಂದ ವೇಗ ಇಳಿಸುವುದೇ ಮೊಬೈಲಿಗೆ ಸುಲಭದ ದಾರಿ.

ಚಿಪ್‌ನ ಹೆಸರು ನೋಡಿ ಈ ಗುಣ ಹೇಳಲಾಗದು. 2021ರ ಕೊನೆಗೆ ಬಂದ ಸ್ನಾಪ್‌ಡ್ರ್ಯಾಗನ್ 8 ಜೆನ್ 1 ಸ್ಯಾಮ್‌ಸಂಗ್‌ನ 4 ನ್ಯಾನೊಮೀಟರ್ ವಿಧಾನದಲ್ಲಿ ತಯಾರಾದದ್ದು, ಬೇಗ ಕಾಯುತ್ತದೆ ಎಂಬ ದೂರು ಎಲ್ಲೆಡೆ ಬಂತು. 2022ರ ಮೇ ತಿಂಗಳಲ್ಲಿ ಬಂದ 8 ಪ್ಲಸ್ ಜೆನ್ 1ರಲ್ಲಿ ಕೋರ್‌ಗಳ ಜೋಡಣೆ ಅದೇ, ತಯಾರಿ ಮಾತ್ರ ಇನ್ನೊಂದು ಕಂಪನಿಯಾದ ಟಿಎಸ್‌ಎಂಸಿಯದು. ಗರಿಷ್ಠ ವೇಗ 3.0ರಿಂದ 3.2 ಗಿಗಾಹರ್ಟ್ಸ್‌ಗೆ ಏರಿದರೂ ಶಾಖ ಕಡಿಮೆಯಾಯಿತು. ಒಂದೇ ಚಿಪ್ ಇರುವ ಎರಡು ಮೊಬೈಲುಗಳಲ್ಲೂ ಒಂದರಲ್ಲಿ ಶಾಖವನ್ನು ಬೇಗ ಹರಡುವ ವೇಪರ್ ಚೇಂಬರ್, ಇನ್ನೊಂದರಲ್ಲಿ ತೆಳು ಗ್ರಾಫೈಟ್ ಹಾಳೆ ಮಾತ್ರ ಇದ್ದರೆ ಅರ್ಧ ಗಂಟೆಯ ಮೇಲಿನ ಅಂಕ ಬೇರೆಯೇ.

ಹಾಗಾದರೆ ಅಳೆಯುವುದು ಹೇಗೆ? ಹೊಸ ಮೊಬೈಲ್ ತಂದ ದಿನವೇ ಅಳೆಯಬೇಡಿ. ಹಳೆಯದರಿಂದ ಆ್ಯಪ್, ಫೋಟೊ ಎಲ್ಲ ತುಂಬಿಕೊಂಡ ಮೇಲೂ ಒಳಗೆ ಅವುಗಳ ವಿಂಗಡಣೆ, ಆ್ಯಪ್‌ಗಳ ಸಿದ್ಧತೆ ನಡೆಯುತ್ತಲೇ ಇರುತ್ತದೆ. ಒಂದು ರಾತ್ರಿ ಚಾರ್ಜಿಗೆ ಹಾಕಿಟ್ಟರೆ ಅದು ಮುಗಿಯುತ್ತದೆ. ಮಾರನೆಯ ದಿನ ಬ್ಯಾಟರಿ 50ರಿಂದ 80ರ ನಡುವೆ ಇರುವಾಗ, ಚಾರ್ಜರ್ ತೆಗೆದು ಅರ್ಧ ಗಂಟೆ ಬಿಟ್ಟು ಶುರು ಮಾಡಿ, ಏಕೆಂದರೆ ಫಾಸ್ಟ್ ಚಾರ್ಜಿಂಗ್‌ನ ಶಾಖವೇ ಅಂಕ ತಿನ್ನುತ್ತದೆ. ಬ್ಯಾಟರಿ ಸೇವರ್ ಆಫ್ ಆಗಿರಲಿ. ಕೆಲವು ಮೊಬೈಲುಗಳಲ್ಲಿ ‘ಹೈ ಪರ್ಫಾರ್ಮೆನ್ಸ್’ ಎಂಬ ಆಯ್ಕೆ ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗದಲ್ಲಿ ಅಡಗಿರುತ್ತದೆ. ದಿನಾ ಆಫ್ ಇಟ್ಟುಕೊಳ್ಳುವುದಾದರೆ ಅಳೆಯುವಾಗಲೂ ಆಫ್ ಇರಲಿ. ಬ್ರೈಟ್‌ನೆಸ್ ಆಟೊ ತೆಗೆದು ಅರ್ಧಕ್ಕೆ ನಿಲ್ಲಿಸಿ. ಸಿಮ್ ಡೇಟಾ ಆಫ್ ಮಾಡಿ ವೈಫೈ ಮಾತ್ರ ಇಟ್ಟುಕೊಳ್ಳಿ. ಉಚಿತ ಗೀಕ್‌ಬೆಂಚ್ ಫಲಿತಾಂಶವನ್ನು ಅದರ ಜಾಲತಾಣಕ್ಕೆ ಏರಿಸಿ ತೋರಿಸುವುದರಿಂದ ಪೂರ್ತಿ ಏರೋಪ್ಲೇನ್ ಮೋಡ್ ಹಾಕಿದರೆ ಆಗುವುದಿಲ್ಲ.

ಮೊಬೈಲ್ ಎಲ್ಲಿ ಇಡುತ್ತೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಮನೆಯ ಗ್ರಾನೈಟ್ ನೆಲ, ಅಡುಗೆಮನೆಯ ಕಡಪ ಕಲ್ಲಿನ ಕಟ್ಟೆ ಶಾಖವನ್ನು ಎಳೆದುಕೊಳ್ಳುತ್ತವೆ, ಅಂಕ ಚೆನ್ನಾಗಿ ಬಂದುಬಿಡುತ್ತದೆ. ಹಾಸಿಗೆಯ ಮೇಲಿಟ್ಟರೆ ತದ್ವಿರುದ್ಧ. ಮರದ ಮೇಜಿನ ಮೇಲಿಡಿ, ಫ್ಯಾನ್ ಗಾಳಿ ನೇರ ಬೀಳದಿರಲಿ. ಹೋಲಿಸುವ ಎರಡೂ ಮೊಬೈಲುಗಳಿಗೆ ಜಾಗ ಅದೇ ಇರಲಿ. ಹಿಂದಿನ ಪೌಚ್ ತೆಗೆದು ಒಮ್ಮೆ, ಹಾಕಿ ಒಮ್ಮೆ ನೋಡುವುದು ಒಳ್ಳೆಯದು. ಪೌಚ್ ಹಾಕಿಯೇ ತಾನೆ ಬಳಸುವುದು.

ಈಗ ಕ್ರಮ. ತಣ್ಣಗಿನ ಮೊಬೈಲಿನಲ್ಲಿ ಗೀಕ್‌ಬೆಂಚ್ ಮೂರು ಸಲ ಓಡಿಸಿ, ನಡುವೆ ಹದಿನೈದು ನಿಮಿಷ ಆರಲು ಬಿಡಿ. ಮೂರರಲ್ಲಿ ನಡುವಿನ ಅಂಕ ಬರೆದುಕೊಳ್ಳಿ. ಓಟದಿಂದ ಓಟಕ್ಕೆ ಶೇ 3ರಿಂದ 5 ಏರುಪೇರು ಸಹಜ. ಎರಡು ಮೊಬೈಲುಗಳ ನಡುವೆ ಅಷ್ಟೇ ವ್ಯತ್ಯಾಸ ಇದ್ದರೆ ಅವು ಸಮ ಎಂದೇ ತಿಳಿಯಿರಿ. ಆಮೇಲೆ ತ್ರೀಡಿಮಾರ್ಕ್ ತೆರೆದು ವೈಲ್ಡ್ ಲೈಫ್ ಸ್ಟ್ರೆಸ್ ಟೆಸ್ಟ್ ಹಚ್ಚಿ. ಒಂದು ನಿಮಿಷದ ಗ್ರಾಫಿಕ್ಸ್ ಪರೀಕ್ಷೆ ಬಿಡುವಿಲ್ಲದೆ 20 ಸುತ್ತು ನಡೆಯುತ್ತದೆ. ಅದು ಮುಗಿದ ಕೂಡಲೇ, ಒಂದು ನಿಮಿಷವೂ ತಡಮಾಡದೆ, ಮತ್ತೆ ಗೀಕ್‌ಬೆಂಚ್. ಈ ಕಾದ ಅಂಕವನ್ನು ತಣ್ಣಗಿನ ಅಂಕದಿಂದ ಭಾಗಿಸಿ. ತಣ್ಣಗೆ 1000, ಕಾದ ಮೇಲೆ 900 ಬಂದರೆ ಚೆನ್ನಾಗಿದೆ. 600ಕ್ಕೆ ಇಳಿದರೆ ಬೇಸಿಗೆಯಲ್ಲಿ ನಿಮ್ಮ ಕೈಯಲ್ಲಿರುವುದು 600ರ ಮೊಬೈಲು. ಇದನ್ನು ಬೆಳಿಗ್ಗೆ ಏಳಕ್ಕೂ ಮಧ್ಯಾಹ್ನ ಮೂರಕ್ಕೂ ಮಾಡಿ ನೋಡಿದರೆ ಮೇಲಿನ ವ್ಯಾಟ್ ಲೆಕ್ಕ ಕಣ್ಣಿಗೇ ಕಾಣುತ್ತದೆ. ಬ್ಯಾಟರಿಯ ಶಾಖವನ್ನೂ ಪಕ್ಕದಲ್ಲಿ ಬರೆದಿಡಿ, ಸಿಪಿಯು-ಝಡ್ ಆ್ಯಪ್ ಅದನ್ನು ತೋರಿಸುತ್ತದೆ. ಕಂಪ್ಯೂಟರಿಗೆ ಕೇಬಲ್ ಹಾಕಿ, ಅಲ್ಲಿಂದ ಮೊಬೈಲಿಗೆ ಆದೇಶ ಕೊಡುವ ಎಡಿಬಿ ಎಂಬ ಸಾಧನದಲ್ಲಿ ‘ಡಂಪ್‌ಸಿಸ್ ಬ್ಯಾಟರಿ’ ಎಂದು ಕೇಳುವವರಿಗೆ 325 ಎಂದು ಬಂದರೆ ಗಾಬರಿ ಬೇಡ, ಅದು 32.5 ಡಿಗ್ರಿ.

ತ್ರೀಡಿಮಾರ್ಕ್ ಕೊನೆಗೆ ಮೂರು ಅಂಕಿ ಕೊಡುತ್ತದೆ: ಅತ್ಯುತ್ತಮ ಸುತ್ತು, ಅತಿ ಕಡಿಮೆ ಸುತ್ತು, ಇವೆರಡರ ಅನುಪಾತವಾದ ಸ್ಟೆಬಿಲಿಟಿ ಶೇಕಡಾ. ಜಾಹೀರಾತಿನವರು ಎತ್ತಿ ಹಿಡಿಯುವುದು ಈ ಶೇಕಡಾವನ್ನು, ಜನ ಮೋಸಹೋಗುವುದೂ ಅಲ್ಲೇ. ದುರ್ಬಲ ಗ್ರಾಫಿಕ್ಸ್ ಇರುವ ಮೊಬೈಲು ಕಾಯುವಷ್ಟು ದುಡಿಯುವುದೇ ಇಲ್ಲ, ಅದಕ್ಕೆ ಶೇ 99 ಸುಲಭ. 1200ರಿಂದ ಶುರುವಾಗಿ 1190ಕ್ಕೆ ನಿಂತ ಮೊಬೈಲಿಗಿಂತ, 5000ದಿಂದ ಶೇ 55ಕ್ಕೆ ಕುಸಿದು 2750ಕ್ಕೆ ನಿಂತದ್ದು ಇನ್ನೂ ಎರಡು ಪಟ್ಟು ವೇಗದ್ದು. ಬರೆದುಕೊಳ್ಳಬೇಕಾದದ್ದು ಅತಿ ಕಡಿಮೆ ಸುತ್ತಿನ ಅಂಕ. ಬಿಜಿಎಂಐಯಂಥ ಗ್ರಾಫಿಕ್ಸ್ ಆಟ ಆಡುವವರಿಗೆ ಗೀಕ್‌ಬೆಂಚ್‌ಗಿಂತ ಈ ಒಂದು ಅಂಕಿ ಹೆಚ್ಚು ಹೇಳುತ್ತದೆ.

ಸಿಪಿಯು ಥ್ರಾಟ್ಲಿಂಗ್ ಟೆಸ್ಟ್ ಚಿಕ್ಕ ಆ್ಯಪು. 15 ನಿಮಿಷ ಓಡಿಸಿದರೆ ಹಸಿರು, ಹಳದಿ, ಕೆಂಪು ಬಣ್ಣದ ಗ್ರಾಫ್ ಬರುತ್ತದೆ. ಅದರ ಜಿಐಪಿಎಸ್ (ಸೆಕೆಂಡಿಗೆ ಎಷ್ಟು ನೂರು ಕೋಟಿ ಸೂಚನೆ ಎಂಬ) ಅಂಕಿಯನ್ನು ಮೊಬೈಲಿಂದ ಮೊಬೈಲಿಗೆ ಹೋಲಿಸಬೇಡಿ, ರ‍್ಯಾಮನ್ನು ಮುಟ್ಟದ ಪುಟ್ಟ ಲೂಪ್ ಅದು. ಗೆರೆಯ ಆಕಾರ ಮಾತ್ರ ನೋಡಿ. ಮೆಲ್ಲಗೆ ಇಳಿದು ಒಂದು ಮಟ್ಟದಲ್ಲಿ ನಿಂತರೆ ವಿನ್ಯಾಸ ಚೆನ್ನಾಗಿದೆ. ಗರಗಸದ ಹಲ್ಲಿನಂತೆ ಏರಿಳಿದರೆ ಆಟದಲ್ಲಿ ಆಗಾಗ ಜರ್ಕ್ ಖಂಡಿತ.

ಈ ಅಂಕಗಳನ್ನು ನಂಬಬಹುದೇ ಎಂಬ ಪ್ರಶ್ನೆಗೆ ಹತ್ತು ವರ್ಷ ಮೀರಿದ ಇತಿಹಾಸ ಇದೆ. 2013ರಲ್ಲಿ ಗ್ಯಾಲಕ್ಸಿ ಎಸ್4 ಮೊಬೈಲು ವೇಗ ಅಳೆಯುವ ಬೆಂಚ್‌ಮಾರ್ಕ್ ಆ್ಯಪ್‌ಗಳ ಹೆಸರು ಗುರುತಿಸಿ, ಅವುಗಳಿಗೆ ಮಾತ್ರ ಗ್ರಾಫಿಕ್ಸ್ ವೇಗವನ್ನು 480ರಿಂದ 533 ಮೆಗಾಹರ್ಟ್ಸ್‌ಗೆ ಏರಿಸುತ್ತಿದ್ದುದನ್ನು ತಂತ್ರಜ್ಞಾನ ಜಾಲತಾಣ ಆನಂದ್‌ಟೆಕ್ ಪತ್ತೆಹಚ್ಚಿತು. 2018ರಲ್ಲಿ ಹುವಾವೆಯ ಕೆಲವು ಮಾಡೆಲ್‌ಗಳನ್ನು ತ್ರೀಡಿಮಾರ್ಕ್ ತನ್ನ ಪಟ್ಟಿಯಿಂದ ತೆಗೆಯಿತು. 2021ರಲ್ಲಿ ಒನ್‌ಪ್ಲಸ್ 9 ಸರಣಿಯನ್ನೂ, 2022ರಲ್ಲಿ ಸ್ಯಾಮ್‌ಸಂಗ್ ಎಸ್10ರಿಂದ ಎಸ್22ರವರೆಗಿನ ಸರಣಿಗಳನ್ನೂ ಗೀಕ್‌ಬೆಂಚ್ ತೆಗೆದುಹಾಕಿತು. ಈ ಎರಡರಲ್ಲಿ ನಡೆದದ್ದು ಇನ್ನೊಂದು ಬಗೆ: ಜನ ದಿನಾ ಬಳಸುವ ಆ್ಯಪ್‌ಗಳನ್ನು ನಿಧಾನಗೊಳಿಸಿ, ಬೆಂಚ್‌ಮಾರ್ಕ್ ಆ್ಯಪನ್ನು ಮಾತ್ರ ಪೂರ್ತಿ ವೇಗಕ್ಕೆ ಬಿಟ್ಟಿದ್ದು. ಪ್ರೈಮೇಟ್ ಲ್ಯಾಬ್ಸ್ ಇಂಥ ಹೆಜ್ಜೆ ಇಟ್ಟದ್ದಕ್ಕೆ ಈ ಆ್ಯಪ್ ಮೇಲೆ ಗೌರವ ಹೆಚ್ಚುತ್ತದೆ.

ಆಂಟುಟು ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸಿಪಿಯು, ಗ್ರಾಫಿಕ್ಸ್, ಮೆಮೊರಿ, ಬಳಕೆಯ ಅನುಭವ ಎಂಬ ನಾಲ್ಕು ಬೇರೆಬೇರೆ ಅಂಕಗಳನ್ನು ಕೂಡಿಸಿ ಒಂದು ದೊಡ್ಡ ಮೊತ್ತ ಮಾಡುತ್ತದೆ. ರಾಗಿ, ಬೆಲ್ಲ, ಎಣ್ಣೆ ಒಟ್ಟಿಗೆ ತೂಗಿದ ಹಾಗೆ. ಆವೃತ್ತಿ ಬದಲಾದಾಗಲೆಲ್ಲ ಅಂಕ ಉಬ್ಬುತ್ತದೆ, ಹೀಗಾಗಿ ಅಂಗಡಿಯವರು ಹೇಳುವ ಎರಡು ಅಂಕ ಎರಡು ಆವೃತ್ತಿಯವೂ ಆಗಿರಬಹುದು. 2020ರಲ್ಲಿ ಗೂಗಲ್ ಇದನ್ನು ಪ್ಲೇ ಸ್ಟೋರ್‌ನಿಂದ ತೆಗೆದುಹಾಕಿತ್ತು. ಯಾರೋ ವಾಟ್ಸ್‌ಆ್ಯಪಿನಲ್ಲಿ ಕಳಿಸಿದ ಎಪಿಕೆ (ಆ್ಯಪ್ ಹಾಕುವ ಫೈಲು) ಹಾಕಿಕೊಂಡು ಅಳೆಯುವುದು ಬೇಡವೇ ಬೇಡ.

ಗೀಕ್‌ಬೆಂಚ್‌ನ ದೊಡ್ಡ ಕೊರತೆ, ಅದು ಸ್ಟೋರೇಜ್ ವೇಗ ಅಳೆಯುವುದಿಲ್ಲ. ಅಗ್ಗದ ಮೊಬೈಲು ಒಂದು ವರ್ಷಕ್ಕೇ ತೆವಳಲು ಶುರುಮಾಡುವುದು ಬಹುತೇಕ ಪ್ರೊಸೆಸರಿನಿಂದಲ್ಲ, ಇಎಂಎಂಸಿ ಎಂಬ ಹಳೆಯ ಬಗೆಯ ನಿಧಾನ ಸ್ಟೋರೇಜಿನಿಂದ. ಇಎಂಎಂಸಿ 5.1 ಸೆಕೆಂಡಿಗೆ 250ರಿಂದ 300 ಎಂಬಿ ಓದಿದರೆ ಹೊಸ ಬಗೆಯ ಸ್ಟೋರೇಜಾದ ಯುಎಫ್‌ಎಸ್ 2.2 ಅದರ ಮೂರು ಪಟ್ಟು ಓದುತ್ತದೆ. 128 ಜಿಬಿ ಎಂದು ಎರಡರ ಡಬ್ಬಿಯ ಮೇಲೂ ಒಂದೇ ಥರ ಬರೆದಿರುತ್ತದೆ. ಒಂದೇ ಮಾಡೆಲಿನ 64 ಜಿಬಿಗೆ ಇಎಂಎಂಸಿ, 128ಕ್ಕೆ ಯುಎಫ್‌ಎಸ್ ಹಾಕುವುದೂ ಉಂಟು. ಕಂಪನಿಯ ಜಾಲತಾಣದ ವಿವರದಲ್ಲಿ ಈ ಒಂದು ಸಾಲನ್ನು ಹುಡುಕಿ ಓದಿ, ಬರೆದೇ ಇಲ್ಲದಿದ್ದರೆ ಅನುಮಾನಿಸಿ. ಗೀಕ್‌ಬೆಂಚ್ ಶಾಖದ ಅಂಕಿಯನ್ನೂ ತೋರಿಸುವುದಿಲ್ಲ, ಬ್ಯಾಟರಿ ಎಷ್ಟು ತಿಂದಿತು ಎಂದೂ ಹೇಳುವುದಿಲ್ಲ.

ಅಂಗಡಿಯಲ್ಲಿ ಇಷ್ಟೆಲ್ಲ ಮಾಡಲು ಬಿಡುವುದಿಲ್ಲ. ಬಿಲ್ ಆಗುವವರೆಗೆ ಸೀಲ್ ಒಡೆಯುವುದಿಲ್ಲ, ಡೆಮೊ ಮೊಬೈಲಿನಲ್ಲಿ ಆ್ಯಪ್ ಹಾಕಲು ಲಾಕ್ ಇರುತ್ತದೆ. ಹಾಗಾಗಿ ಹೋಗುವ ಮೊದಲೇ ಗೀಕ್‌ಬೆಂಚ್ ಜಾಲತಾಣದಲ್ಲಿ ಮಾಡೆಲ್ ನಂಬರ್ ಹಾಕಿ ಹುಡುಕಿ. ಮೊಬೈಲಿನ ಹೆಸರಿಗಿಂತ ಡಬ್ಬಿಯ ಮೇಲಿನ ಮಾಡೆಲ್ ನಂಬರೇ ಸರಿ, ಒಂದೇ ಹೆಸರಿನ 4ಜಿ ಮತ್ತು 5ಜಿ ಮೊಬೈಲುಗಳಲ್ಲಿ ಚಿಪ್ ಬೇರೆ ಇರುತ್ತದೆ. ಸಿಗುವ ಫಲಿತಾಂಶಗಳಲ್ಲಿ ತೀರಾ ಮೇಲಿನದನ್ನು ಬಿಟ್ಟು, ಹತ್ತಿಪ್ಪತ್ತು ನೋಡಿ ಎಲ್ಲಿ ಹೆಚ್ಚು ಗುಂಪು ಕಟ್ಟಿವೆ ನೋಡಿ. ಅಂಕಗಳು ಅಗಲಕ್ಕೆ ಚೆದುರಿದ್ದರೆ ಆ ಮೊಬೈಲು ಶಾಖಕ್ಕೆ ಸೋಲುತ್ತಿರಬಹುದು, ಜನ ಎಲ್ಲ ಋತುವಿನಲ್ಲೂ ಅಳೆದಿರುತ್ತಾರಲ್ಲ. ಅದೇ ಮಾಡೆಲ್ ನೆಂಟರಲ್ಲೋ ಗೆಳೆಯರಲ್ಲೋ ಇದ್ದರೆ ಒಂದು ಗಂಟೆ ಕೇಳಿ ಪಡೆದು, ಮೇಲೆ ಹೇಳಿದ ತಣ್ಣಗೆ-ಕಾದ ಪರೀಕ್ಷೆ ಮಾಡಿಬಿಡಿ. ಆನ್‌ಲೈನ್‌ನಲ್ಲಿ ಕೊಂಡವರು ಬದಲಾಯಿಸುವ ಗಡುವಿನೊಳಗೆ ಮಾಡಿ. ಬೈಕಿನ ಹ್ಯಾಂಡಲ್‌ಗೆ ಮೊಬೈಲ್ ಕಟ್ಟಿ ಮ್ಯಾಪ್ ನೋಡುತ್ತಾ ದಿನವಿಡೀ ಡೆಲಿವರಿಗೆ ತಿರುಗುವವರು ಪೌಚ್ ಹಾಕಿ, ಬ್ರೈಟ್‌ನೆಸ್ ಪೂರ್ತಿ ಏರಿಸಿ, ಮನೆಯ ಹೊರಗಿನ ನೆರಳಿನಲ್ಲಿ ಮಧ್ಯಾಹ್ನ ಅಳೆಯಲಿ. ನೇರ ಬಿಸಿಲಿನಲ್ಲಿ ಸ್ಟ್ರೆಸ್ ಟೆಸ್ಟ್ ಬೇಡ. ಬ್ಯಾಟರಿ 45 ಡಿಗ್ರಿ ದಾಟಿದರೆ ಅಲ್ಲಿಗೇ ನಿಲ್ಲಿಸಿ ಆರಲು ಬಿಡಿ. ಹಾಗೆ ಕಾದಿರುವಾಗ ಚಾರ್ಜಿಗೂ ಹಾಕಬೇಡಿ, ಫ್ರಿಜ್ಜಿನಲ್ಲೂ ಇಡಬೇಡಿ. ಥಟ್ಟನೆ ತಣಿದರೆ ಒಳಗೆ ಗಾಳಿಯ ತೇವ ನೀರಾಗಿ ಕೂರುತ್ತದೆ.